ಬಣ್ಣ ಹಚ್ಚದ ಮಾತು

"ಜೀವ ಉಳಿಯುತ್ತೆ, ಮಾತು ಉಳಿಯಲ್ಲ" ಎಂದು ಮೈಸೂರಿನ ಡಾಕ್ಟರು ಹೇಳಿದಾಗ ದೇವರಾಜು ಹೆಂಡತಿಯ ಕಡೆ ತಿರುಗಿ ನಕ್ಕನಂತೆ. "ಅಲ್ಲಾ ಇಂದ್ರಿ, ಇಷ್ಟ್ ವರ್ಸ ನೀನ್ ಬೇಡ್ಕೊಂಡಿದ್ದು ಕೊನೆಗೂ ದೇವ್ರಿಗೆ ಕೇಳುಸ್ತು ನೋಡು" ಅಂದನಂತೆ. ಇಂದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಡಾಕ್ಟರೂ ನಗಲಿಲ್ಲ. ಗಂಟಲಲ್ಲಿ ಬೆಳೆದಿದ್ದ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ಪೂರ್ತಿ ತೆಗೆಯಬೇಕು, ಕತ್ತಿನಲ್ಲಿ ಒಂದು ತೂತು ಮಾಡುತ್ತೇವೆ, ಉಸಿರಾಟ ಇನ್ನು ಮುಂದೆ ಅಲ್ಲಿಂದಲೇ, ಎಂದು ಅವರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಆಪರೇಷನ್ನಿಗೆ ಮುಂದಿನ ತಿಂಗಳ ಒಂದು ಬುಧವಾರ ಗೊತ್ತಾಯಿತು.

ಮದ್ದೂರು ಬಳಿಯ ಕೊಪ್ಪದಲ್ಲಿ ದೇವರಾಜುವಿನ ದನಿ ಗೊತ್ತಿಲ್ಲದವರು ಯಾರಿದ್ದಾರೆ? ಊರ ಡೈರಿಯಲ್ಲಿ ಬೆಳಿಗ್ಗೆ, ಸಂಜೆ ಹಾಲು ಅಳೆಯುವವನು ಅವನೇ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ ಒಂದೊಂದು ಮಾತಿನ ಏಟು ಬೀಳದೆ ಹಾಲು ಅಳತೆಗೆ ಹೋಗುತ್ತಿರಲಿಲ್ಲ. "ಶಿವನಂಜಮ್ಮೋ, ನಿನ್ ಅಸ ನೀರ್ ಕುಡೀತೋ, ಇಲ್ಲಾ ಕರೆದ್ಮೇಲೆ ನೀನೇ ಕುಡ್ಸುದ್ಯೋ?" ಎಂದು ಅವನು ಕೇಳುವುದು, "ನಿನ್ ಬಾಯಿಗೆ ಮಣ್ ಆಕ, ನಿನ್ ನಾಲ್ಗೆ ಬಿದ್ದೋಗ" ಎಂದು ಆ ಮುದುಕಿ ಬಯ್ಯುವುದು, ಸಾಲೆಲ್ಲ ನಗುವುದು, ಇದೆಲ್ಲ ದಿನದ ಲೆಕ್ಕದಲ್ಲೇ ಸೇರಿಹೋಗಿತ್ತು. ಊರಿನ ನಾಟಕದ ಕಂಪನಿಯಲ್ಲಿ ರಾಜನ ಪಾತ್ರವೆಂದರೆ ದೇವರಾಜುವೇ. ಮಳವಳ್ಳಿಯಲ್ಲಿ ಒಂದು ಸಲ ನಡುನಾಟಕದಲ್ಲಿ ಮೈಕು ಕೈಕೊಟ್ಟರೂ ಇವನು ನಿಲ್ಲಿಸದೆ ಆಡಿದನೆಂದೂ, ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಎದ್ದು ಬಂದರೆಂದೂ ಹೇಳುತ್ತಾರೆ. ಹೇಳುವವರು ಒಂದಕ್ಕೆ ಎರಡು ಸೇರಿಸಿದ್ದರೂ ಇರಬಹುದು.

ಮಗಳು ಅರ್ಪಿತ ಮದ್ದೂರಿನ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದಳು. ಅವಳಿಗೆ ಉಳಿದಿದ್ದ ಕಷ್ಟ ಒಂದೇ: ಇಂಗ್ಲಿಷ್ ನಾಟಕದ ಪೇಪರು. ಹೋದ ಸಲ ಅದರಲ್ಲಿ ಫೇಲಾಗಿ ಮತ್ತೆ ಕಟ್ಟಿದ್ದಳು. ಆ ನಾಟಕ ಬರೆದು ನಾನೂರು ವರ್ಷಗಳ ಮೇಲಾಗಿದೆ. ಅದರ ಇಂಗ್ಲಿಷು ಈಗಿನ ಇಂಗ್ಲಿಷರಿಗೇ ತಿಳಿಯುವುದಿಲ್ಲವಂತೆ. ಇನ್ನು ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗಿಗೆ ಹೇಗೆ ತಿಳಿಯಬೇಕು? ಪಾಠ ಮಾಡುತ್ತಿದ್ದ ಅತಿಥಿ ಉಪನ್ಯಾಸಕರು ಎರಡನೇ ಅಂಕದ ಮಧ್ಯದಲ್ಲೇ ಬೇರೆ ಕೆಲಸ ಸಿಕ್ಕಿ ಹೋಗಿಬಿಟ್ಟಿದ್ದರು. ಉಳಿದದ್ದು ಮೊಬೈಲು.

ಮೊಬೈಲಿನಲ್ಲಿ ಆ್ಯಪುಗಳಿಗೆ ಬರವಿಲ್ಲ. ಒಂದು ಆ್ಯಪು ಇಡೀ ನಾಟಕವನ್ನು ಐದು ಅಂಶಗಳಲ್ಲಿ ಹೇಳಿ ಮುಗಿಸುತ್ತಿತ್ತು. ಇನ್ನೊಂದಕ್ಕೆ ಪುಸ್ತಕದ ಪುಟದ ಫೋಟೋ ತೋರಿಸಿದರೆ ಸಾಕು, ಇಂಗ್ಲಿಷನ್ನು ಕನ್ನಡ ಮಾಡಿ ಹೆಂಗಸಿನ ದನಿಯಲ್ಲಿ ಓದಿ ಹೇಳುತ್ತಿತ್ತು. ಮತ್ತೊಂದು, ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಬೇಸರವಿಲ್ಲದೆ ವಿವರಿಸುತ್ತಿತ್ತು. ಅದರ ತಾಳ್ಮೆ ಯಾವ ಮೇಷ್ಟರಿಗೂ ಬರುವುದಿಲ್ಲ, ನಿಜ. ಹೀಗೆ ಅರ್ಪಿತಳಿಗೆ ಕಥೆಯಂತೂ ತಿಳಿಯಿತು. ಕಡಲತೀರದ ಒಂದು ಪಟ್ಟಣ. ಅದರ ಮುದಿ ದೊರೆ. ಕೋಟೆ ಸುತ್ತ ಮುತ್ತಿಗೆ ಹಾಕಿದ ವೈರಿ. ಸಂಧಿಗಾಗಿ ದೊರೆ ತನ್ನ ಒಬ್ಬನೇ ಮಗನನ್ನು ವೈರಿಯ ಬಳಿ ಒತ್ತೆ ಇಡುತ್ತಾನೆ. ಆಮೇಲೆ ಮಂತ್ರಿಯ ಮಾತು ಕೇಳಿ ತಾನೇ ಸಂಧಿ ಮುರಿಯುತ್ತಾನೆ. ಮಗನ ಕಥೆ ಅಲ್ಲಿಗೆ ಮುಗಿಯಿತು. ಕೊನೆಯ ದೃಶ್ಯದಲ್ಲಿ ದೊರೆ ಕೋಟೆಯ ಬಾಗಿಲಲ್ಲಿ ನಿಂತು, ಸತ್ತ ಮಗ ಬರುವನೆಂದು ಸಂಜೆಯಾದರೂ ಬಾಗಿಲು ಮುಚ್ಚಬೇಡವೆಂದು ಕಾವಲುಗಾರನಿಗೆ ಹೇಳುತ್ತ ಹೇಳುತ್ತ ಸಾಯುತ್ತಾನೆ.

ಕಥೆ ತಿಳಿದರೂ ಬರೆಯಲು ಕುಳಿತರೆ ಏನೂ ಬರುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ವಾರದಲ್ಲೇ ಒಂದು ಸಂಜೆ ಅವಳು ಮೊಬೈಲನ್ನು ಜಗಲಿಯ ಮೇಲಿಟ್ಟು ಓದಿಸುತ್ತಿದ್ದಳು. ದೇವರಾಜು ಡೈರಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಮೊಬೈಲು ಹೇಳಿತು: "ಮಗನೇ, ನಾನು ನಿನ್ನನ್ನು ಶತ್ರುವಿಗೆ ಒತ್ತೆಯಾಗಿ ನೀಡುತ್ತಿದ್ದೇನೆ. ದಯವಿಟ್ಟು ನನ್ನನ್ನು ಕ್ಷಮಿಸು."

"ಯಾರವ್ವ ಇವ್ಳು? ಮದ್ದೂರ್ ರೈಲ್ವೆ ಸ್ಟೇಷನ್ ಯಮ್ಮನಾ?" ಎಂದ ದೇವರಾಜು.

"ಆ್ಯಪು ಕಣಪ್ಪ. ನಮ್ ನಾಟ್ಕ ಓದ್ತಾ ಅದೆ."

"ನಾಟ್ಕವಾ ಇದು? ಅಪ್ಪ ಅನ್ನೋನು ಮಗನ್ನ ವೈರಿ ಕೈಗೆ ಕೊಡ್ತಾವ್ನೆ, ಇವ್ಳು ಮೂರ್ನೇ ಪ್ಲಾಟ್‌ಫಾರಮ್ಗೆ ಗಾಡಿ ಬತ್ತದೆ ಅನ್ನಂಗೆ ಏಳ್ತಾವ್ಳಲ್ಲ! ಉಸ್ರೇ ಎಳಿಯಕಿಲ್ವಲ್ಲ ಈ ಯಮ್ಮ. ಇನ್ನೊಂದ್ ಸಲ ಆಕು."

ಅರ್ಪಿತ ಮತ್ತೆ ಹಾಕಿದಳು. ದೇವರಾಜು ಟವಲು ಹೆಗಲಿಗೆ ಹಾಕಿಕೊಂಡು, ತೊಲೆ ನೋಡುತ್ತ ನಿಂತ. ಆಮೇಲೆ ಒಂದು ಹೆಜ್ಜೆ ಮುಂದಿಟ್ಟ. ಜಗಲಿ ಅಷ್ಟೇ, ಆದರೆ ಅದು ರಂಗಸ್ಥಳವಾಯಿತು.

"ಕಂದಾ! ನಾಲಗೆ ನಿನ್ನನ್ನು ಒಪ್ಪಿಸಿತು. ಎದೆ ಇನ್ನೂ ಹಿಡಿದುಕೊಂಡಿದೆ. ಬಿಡಿಸಿಕೊಂಡು ಹೋಗುವ ಶಕ್ತಿ ನಿನಗಿದ್ದರೆ ಹೋಗು. ಇಲ್ಲವೋ, ನನ್ನ ಕೈಯನ್ನು ನೀನೇ ಕಡಿದು ಹೋಗು!"

ದನಿ ಮೊದಲಿನದಲ್ಲ. ಗಡ್ಡೆ ಅದನ್ನು ಅರ್ಧ ತಿಂದಿತ್ತು. ಬಿರುಕುಬಿಟ್ಟ ಕಂಚಿನ ಹಾಗೆ ಒರಟಾಗಿ, ಗಾಳಿ ಸೇರಿಕೊಂಡು ಬರುತ್ತಿತ್ತು. ಆದರೆ ಆ ಮುದಿ ದೊರೆಗೆ ಅದೇ ಹೊಂದಿಬಿಟ್ಟಿತು. ಅರ್ಪಿತ ಪುಟ ತಿರುವಿ ನೋಡಿದಳು. ಪುಸ್ತಕದಲ್ಲಿ ಕೈ ಕಡಿಯುವ ಮಾತೇ ಇರಲಿಲ್ಲ. ಇರಬೇಕಾಗಿತ್ತು ಅನಿಸಿತು. ಅವಳು ಆವತ್ತು ಆ ಒಂದು ಮಾತಿನ ಮೇಲೆ ನಾಲ್ಕು ಪುಟ ಬರೆದಳು, ಯಾವುದನ್ನೂ ನೋಡದೆ.

ಅಂದಿನಿಂದ ದಿನಾ ಸಂಜೆ ಇದೇ ಆಯಿತು. ಸ್ಟೇಷನ್ ಯಮ್ಮ ಓದುವುದು, ದೇವರಾಜು ಅದನ್ನು ನಾಟಕ ಮಾಡುವುದು, ಅರ್ಪಿತ ಮೊಬೈಲಿನಲ್ಲೇ ಅವನ ದನಿ ರೆಕಾರ್ಡು ಮಾಡುವುದು. ಮರುದಿನ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೇಳುವಳು. ಅಪ್ಪ ಒಂದು ಮಾತಾಡುವ ಮುಂಚೆ ಎಳೆದುಕೊಳ್ಳುವ ಉಸಿರು ಕೂಡ ಅದರಲ್ಲಿ ಕೇಳುತ್ತಿತ್ತು. ಮಂತ್ರಿ ಬೇರೆ ದನಿ, ವೈರಿಯ ದೂತ ಬೇರೆ ದನಿ, ಮಗ ಬೇರೆ. ಮಂತ್ರಿಯನ್ನು ಆಡುವಾಗ ಊರ ಪಂಚಾಯ್ತಿ ಮೆಂಬರೊಬ್ಬರ ನಯವಾದ ದನಿ ಬರುತ್ತಿತ್ತು. "ಇದ್ ಯಾರ್ಗೂ ಕೇಳುಸ್ಬೇಡ ಮಗ, ಓಟಿನ್ ಟೈಮಲ್ಲಿ ತೊಂದ್ರೆ ಆಯ್ತದೆ" ಎಂದು ಕಣ್ಣು ಮಿಟುಕಿಸುತ್ತಿದ್ದ.

ಇಂದ್ರಮ್ಮ ಒಳಗಿನಿಂದ ಕೂಗುತ್ತಿದ್ದಳು. "ಡಾಕ್ಟ್ರು ಗಂಟ್ಲಿಗೆ ರೆಸ್ಟ್ ಕೊಡು ಅಂದವ್ರೆ. ಅಪ್ಪ ಮಗಳಿಗೆ ಒಸಿನಾದ್ರೂ ಬುದ್ಧಿ ಅದಾ?"

"ಬುಡು ಇಂದ್ರಿ. ಇರೋ ಮಾತ್ನ ಕೂಡಿಟ್ಟು ಯಾರ್ಗ್ ಕೊಡ್ಲಿ?" ಅನ್ನುತ್ತಿದ್ದ ದೇವರಾಜು.

ಒಂದು ದಿನ ಇಂದ್ರಮ್ಮ ಮಗಳನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು, "ಆ ಫೋನ್ನ ಎಲ್ಲೂ ಬೀಳುಸ್ಬೇಡ ಕಣವ್ವ. ನೀರ್ಗೀರ್ ತಾಗಿಸ್ಬೇಡ" ಎಂದಳು. ಪೇಪರು ಪಾಸು ಮಾಡಲು ಶುರುವಾದದ್ದು ಬೇರೆ ಏನೋ ಆಗಿದೆ ಎಂಬುದು ಅರ್ಪಿತಳಿಗೂ ಆಗಲೇ ತಿಳಿದಿತ್ತು.

ಹೀಗೆ ನಾಲ್ಕು ಅಂಕ ಮುಗಿದು ಐದನೆಯದರ ಕೊನೆಯ ದೃಶ್ಯ ಬಂತು. ಸ್ಟೇಷನ್ ಯಮ್ಮ ಓದಿದಳು: "ಕಾವಲುಗಾರನೇ, ದಯವಿಟ್ಟು ದ್ವಾರವನ್ನು ಮುಚ್ಚಬೇಡ. ನನ್ನ ಮಗ ರಸ್ತೆಯಲ್ಲಿದ್ದಾನೆ. ಅವನು ನಿಧಾನವಾಗಿ ನಡೆಯುವವನು. ಕತ್ತಲೆಯಲ್ಲಿ ಮುಚ್ಚಿದ ಬಾಗಿಲನ್ನು ಕಂಡರೆ ಅವನು ನನ್ನ ಮಾತನ್ನು ಪುನಃ ನಂಬುವುದಿಲ್ಲ."

ದೇವರಾಜು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದ. ತುಟಿ ಆಡುತ್ತಿದ್ದವು. ಅರ್ಪಿತ ರೆಕಾರ್ಡು ಒತ್ತಿ ಕಾದಳು.

"ಇದ ಈಗ ಆಡಂಗಿಲ್ಲ ಮಗ."

"ಯಾಕಪ್ಪ?"

"ದೊರೆ ಇಲ್ಲಿ ಸಾಯ್ತಾನೆ. ಸಾಯೋ ಮಾತ್ನ ಬಣ್ಣ ಹಚ್ದೆ ಆಡಂಗಿಲ್ಲ."

ಅದು ಹುಚ್ಚೀರಯ್ಯ ಮೇಷ್ಟರು ಹಾಕಿದ ಕಟ್ಟು. ಕೊಪ್ಪದ ಕಂಪನಿಗೆ ಹಾರ್ಮೋನಿಯಂ ನುಡಿಸುತ್ತ, ಓದು ಬಾರದವರಿಗೂ ಬಾಯಿಪಾಠ ಮಾಡಿಸಿ ನಾಟಕ ಕಲಿಸಿದವರು ಅವರು. ಈಗ ವಯಸ್ಸಾಗಿ ಮಂಡ್ಯದ ಗುತ್ತಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಪ್ರಾಕ್ಟೀಸಿನಲ್ಲಿ ರಾಜನ ಕೊನೆಯ ಮಾತು ಬಂದಾಗ ಅವರು ಹಾರ್ಮೋನಿಯಂ ನಿಲ್ಲಿಸಿಬಿಡುವರು. ಪಾತ್ರಧಾರಿ ದನಿಯಿಲ್ಲದೆ ತುಟಿ ಮಾತ್ರ ಆಡಿಸಬೇಕು. ಮಾತು ಹೊರಗೆ ಬರುವುದು ರಂಗದ ಮೇಲೆ, ಮುಖಕ್ಕೆ ಬಣ್ಣ ಬಿದ್ದ ಮೇಲೆಯೇ. "ಸಾವು ಬಂದು ಹುಡುಕ್ತದೆ ಕಣ್ರಲಾ. ಬಣ್ಣ ಇದ್ರೆ ಪಾತ್ರದ ಮೇಲೆ ಕೂತು ಎದ್ದೋಯ್ತದೆ. ಬಣ್ಣ ಇಲ್ದಿದ್ರೆ ಯಾರ್ ಮೇಲೆ ಕೂರ್ಬೇಕು?" ಎನ್ನುವರು. ಊರಿನಲ್ಲಿ ಯಾರೂ ಆ ಕಟ್ಟು ಮುರಿದವರಿಲ್ಲ.

"ಇದು ನಾಟ್ಕ ಅಲ್ಲಪ್ಪ, ಪರೀಕ್ಷೆ" ಎಂದಳು ಅರ್ಪಿತ.

"ನಂಗೆ ನಾಟ್ಕನೇ ಕಣವ್ವ." ಅವಳ ಮುಖ ನೋಡಿ ಅವನೇ ದಾರಿ ಹುಡುಕಿದ. "ಬಣ್ಣ ಹಚ್ಕಂಡೇ ಆಡ್ತೀನಿ, ಆಯ್ತಾ? ಆಪರೇಸನ್ ಬುಧ್ವಾರ ತಾನೆ? ಅದಕ್ಕೆ ಮುಂಚೆ ಭಾನ್ವಾರ. ಮೇಷ್ಟ್ರು ಪೆಟ್ಗೆ ತಕಂಡ್ ಬರ್ಲಿ. ನಮ್ ಮನೆ ಮುಂದೇನೇ."

ಫೋನಿನಲ್ಲಿ ಮೇಷ್ಟರು ಎಲ್ಲ ಕೇಳಿಸಿಕೊಂಡರು. "ಬತ್ತೀನಿ ಬುಡ್ಲಾ. ಅಲ್ಲಾ ದೇವ್ರಾಜ, ಇಂಗ್ಲಿಷ್ ದೊರೆಗೆ ಮೀಸೆ ಎಂಗಿರ್ತದ್ಲಾ? ನಮ್ದು ಗಿರಿಜಾ ಮೀಸೆ ಅಂಟುಸುದ್ರೆ ಆಯ್ತದಾ?" ಅರ್ಪಿತ ಮೊಬೈಲಿನಲ್ಲಿ ಹಳೆಯ ಚಿತ್ರಗಳನ್ನು ಹುಡುಕಿ ಕಳಿಸಿದಳು. ದೊರೆಗಳೆಲ್ಲ ಕತ್ತಿಗೆ ಬಿಳಿ ನೆರಿಗೆಬಟ್ಟೆ ಸುತ್ತಿಕೊಂಡಿದ್ದರು. "ಇದೊಳ್ಳೇದಾಯ್ತು. ಅವ್ರೂ ಕತ್ಗೆ ಬಟ್ಟೆ ಸುತ್ಕಂಡವ್ರೆ. ನಾಳಿಕ್ಕೆ ನಂಗೂ ಸುತ್ತಾರಲ್ಲ, ಈಗ್ಲೇ ರೂಢಿ ಆಯ್ತದೆ" ಎಂದ ದೇವರಾಜು. ಡೈರಿಯಲ್ಲಿ ಎಲ್ಲರಿಗೂ ಹೇಳಿ ಬಂದ. ಶಿವನಂಜಮ್ಮ ಮೊದಲ ಸಾಲಿನಲ್ಲಿ ಕೂರುವುದಾಗಿಯೂ ಚೆನ್ನಾಗಿಲ್ಲದಿದ್ದರೆ ಎದ್ದು ಬರುವುದಾಗಿಯೂ ಹೇಳಿದಳು.

ಆ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ ಮಧ್ಯಾಹ್ನ, ಆಸ್ಪತ್ರೆಯಿಂದ ಫೋನು ಬಂತು. ನಾಳೆ ಬೆಳಿಗ್ಗೆ ಆಗಬೇಕಿದ್ದ ಒಂದು ಆಪರೇಷನ್ ನಿಂತಿದೆ, ಜಾಗ ಖಾಲಿ ಇದೆ. ಬುಧವಾರ ಡಾಕ್ಟರು ಇರುವುದಿಲ್ಲ, ಇದು ಬಿಟ್ಟರೆ ಮತ್ತೆ ತಿಂಗಳು ದಾಟಬಹುದು. ಗಡ್ಡೆ ಅಲ್ಲಿಯವರೆಗೆ ಸುಮ್ಮನಿರುವುದಿಲ್ಲ. ಸಂಜೆಯೊಳಗೆ ಬಂದು ಸೇರಿಕೊಳ್ಳಿ.

ಬಟ್ಟೆ ತುಂಬಿಕೊಳ್ಳುವುದಕ್ಕೂ ಹೊತ್ತಿರಲಿಲ್ಲ. ಮದ್ದೂರಿನಲ್ಲಿ ಮೈಸೂರು ಬಸ್ಸು ಹಿಡಿದರು. ದೇವರಾಜು ಕಿಟಕಿ ಪಕ್ಕ ಕುಳಿತ. ಮಂಡ್ಯ ದಾಟಿದ ಮೇಲೆ ಅರ್ಪಿತ ಕೇಳಿದಳು, ಕೇಳಬಾರದೆಂದು ಗೊತ್ತಿದ್ದೂ ಕೇಳಿದಳು. "ಅಪ್ಪ, ಆ ಮಾತು… ಇಲ್ಲೇ ಆಡ್ಬುಡ್ತೀಯಾ? ಮೆತ್ತಗೆ. ಯಾರ್ಗೂ ಕೇಳ್ಸಲ್ಲ."

ದೇವರಾಜು ತಿರುಗಿ ನೋಡಿದ. ಅವನ ಕಣ್ಣಿನಲ್ಲಿ ಅವಳು ಅದುವರೆಗೂ ಕಾಣದ ಹೆದರಿಕೆಯಿತ್ತು. "ನಾಳೆ ಕೊಯ್ಸ್ಕಳಕ್ಕೆ ಓಯ್ತಾ ಇವ್ನಿ ಮಗ. ಇವತ್ತು ಸಾಯೋ ಮಾತಾಡ್ಲಾ?"

"ಸುಮ್ನಿರವ್ವ ನೀನು" ಎಂದಳು ಇಂದ್ರಮ್ಮ, ಸಿಟ್ಟಿನಿಂದ. ಉಳಿದ ದಾರಿಯೆಲ್ಲ ಯಾರೂ ಮಾತಾಡಲಿಲ್ಲ. ಮಾತಾಡಬೇಕಾಗಿತ್ತು. ಏನಾದರೂ, ಕಬ್ಬಿನ ಲಾರಿಯ ಬಗ್ಗೆಯೋ, ಟಿಕೆಟ್ಟಿನ ಬಗ್ಗೆಯೋ. ಇದ್ದ ಮಾತಿನ ಕೊನೆಯ ಸಂಜೆಯನ್ನು ಮೂವರೂ ಸುಮ್ಮನಿದ್ದು ಕಳೆದರು.

ವಾರ್ಡಿನಲ್ಲಿ ಮಂಚ ಸಿಕ್ಕಿ, ರಕ್ತ ತೆಗೆದುಕೊಂಡು, ಸಹಿ ಹಾಕಿಸಿಕೊಂಡಾಗ ಹೊರಗೆ ಇನ್ನೂ ಬೆಳಕಿತ್ತು. ಇಂದ್ರಮ್ಮ ಬಿಸಿನೀರು ತರಲು ಹೋದಳು. ಅರ್ಪಿತಳಿಗೆ ಆಗ ಒಂದು ಯೋಚನೆ ಹೊಳೆಯಿತು. ಹುಡುಗಿಯರು ಫೋಟೋ ತೆಗೆಯುವಾಗ ಬಳಸುವ ಒಂದು ಆ್ಯಪು ಅವಳಲ್ಲಿತ್ತು. ಮುಖ ತೋರಿಸಿದರೆ ಮೀಸೆ ಬರೆಯುತ್ತದೆ, ಕಿರೀಟ ಇಡುತ್ತದೆ, ಕೆನ್ನೆಗೆ ಬಣ್ಣ ಹಚ್ಚುತ್ತದೆ. ಅಪ್ಪನ ಮುಖದ ಮುಂದೆ ಅದನ್ನು ಹಿಡಿದಳು.

"ನೋಡಪ್ಪ. ಬಣ್ಣ ಹಚ್ದಂಗೇ ಅದೆ."

ದೇವರಾಜು ನೋಡಿದ. ಆಸ್ಪತ್ರೆಯ ಹಸಿರು ಅಂಗಿಯ ಮೇಲೆ ಚಿನ್ನದ ಕಿರೀಟ. ಹುಬ್ಬು ಕಪ್ಪಗೆ, ಕೆನ್ನೆ ಕೆಂಪಗೆ. ಅವನು ತಲೆ ಅಲ್ಲಾಡಿಸಿದರೆ ಕಿರೀಟವೂ ಅಲ್ಲಾಡಿತು. ನಗು ಬಂತು. "ಅಬ್ಬಬ್ಬಾ, ಮೇಷ್ಟ್ರ ಹೊಟ್ಟೆಮೇಲ್ ಹೊಡೀತಲ್ಲೇ ಇದು" ಎಂದ. ಆಮೇಲೆ ನಗು ನಿಂತಿತು. ಬೆನ್ನು ನೆಟ್ಟಗಾಯಿತು. ಅರ್ಪಿತ ರೆಕಾರ್ಡು ಒತ್ತಿದಳು. ಅವನು ಉಸಿರು ಎಳೆದುಕೊಂಡ. ಆ ಉಸಿರು ಅವಳಿಗೆ ಚೆನ್ನಾಗಿ ಗೊತ್ತು.

ಬಾಯಿ ತೆರೆದ. ತೆರೆದದ್ದು ಹಾಗೇ ಉಳಿಯಿತು. ಬಲಗೈ ಎತ್ತಿ ತನ್ನ ಕೆನ್ನೆ ಒರೆಸಿ, ಬೆರಳು ನೋಡಿಕೊಂಡ. ಬೆರಳಿಗೆ ಏನೂ ಅಂಟಿರಲಿಲ್ಲ.

"ಇದು ಗಾಜಿನ್ ಮೇಲದೆ ಮಗ. ಮೊಕದ್ ಮೇಲಿಲ್ಲ."

"ಅಪ್ಪಾ…"

"ಪ್ರಾಕ್ಟೀಸ್ ಮಾಡ್ತೀನಿ, ತಾಳು" ಎಂದ ಅವಳ ಸಮಾಧಾನಕ್ಕೆ. ಕಣ್ಣು ಮುಚ್ಚಿ, ಮೇಷ್ಟರು ಕಲಿಸಿದ್ದ ಹಾಗೆ, ತುಟಿ ಮಾತ್ರ ಆಡಿಸಿದ. ಕಿರೀಟದ ಕೆಳಗೆ ತುಟಿಗಳು ನಿಧಾನವಾಗಿ ಆಡಿದವು, ನಿಂತವು, ನಡುಗಿದವು, ಮತ್ತೆ ಆಡಿದವು. ಪಕ್ಕದ ಮಂಚದವರ ಕೆಮ್ಮು, ತಳ್ಳುಗಾಡಿಯ ಗಾಲಿಯ ಸದ್ದು, ಇಷ್ಟೇ ಆ ವಿಡಿಯೋದಲ್ಲಿ ಇರುವುದು. ಇಂದ್ರಮ್ಮ ಬಿಸಿನೀರು ತಂದಾಗ ಅವನು ಕಣ್ಣು ಬಿಟ್ಟು, "ವಾಪಸ್ ಬಂದ್ಮೇಲೆ ಬಣ್ಣ ಹಚ್ಕತೀನಿ, ಮಾತ್ ಕೊಟ್ಟಿವ್ನಿ" ಎಂದ. ಹೇಳಿದ ಮೇಲೆ, ಏನು ಹೇಳಿದೆನೆಂದು ತಿಳಿದು ಬಿಸಿನೀರಿನ ಲೋಟಕ್ಕೆ ಕೈ ಚಾಚಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು ಹೇಳಿದಂತೆ ಜೀವ ಉಳಿಯಿತು.

ಪರೀಕ್ಷೆಯಲ್ಲಿ ಕೊನೆಯ ದೃಶ್ಯದ ಮೇಲೆಯೇ ದೊಡ್ಡ ಪ್ರಶ್ನೆ ಬಂದಿತ್ತು. ಅರ್ಪಿತ ಪೆನ್ನು ಹಿಡಿದು ಕುಳಿತು ಅಪ್ಪನ ದನಿಗಾಗಿ ಒಳಗೆಲ್ಲ ಹುಡುಕಿದಳು. ಬೇರೆ ನಾಲ್ಕು ಅಂಕಗಳ ದನಿ ಸಿಕ್ಕಿತು, ಇದು ಸಿಗಲಿಲ್ಲ. ಕೊನೆಗೆ ಆ್ಯಪು ಹೇಳಿದ್ದ ಐದು ಅಂಶಗಳನ್ನು ಸಾಲಾಗಿ ಬರೆದು ಎದ್ದು ಬಂದಳು. ಪಾಸಾಯಿತು. ಒಳ್ಳೆಯ ಅಂಕವೇ ಬಂತು.

ದೇವರಾಜು ಮತ್ತೆ ಡೈರಿಗೆ ಹೋಗತೊಡಗಿದ. ಕತ್ತಿಗೆ ಬಿಳಿ ಬಟ್ಟೆ. ಕನ್ನಡದಲ್ಲಿ ಬರೆದರೆ ಓದಿ ಹೇಳುವ ಹಾಗೆ ಅರ್ಪಿತ ಅವನ ಮೊಬೈಲಿಗೂ ನಾಟಕ ಓದುತ್ತಿದ್ದ ಆ ಆ್ಯಪು ಹಾಕಿಕೊಟ್ಟಿದ್ದಳು. ಮೊದಲ ದಿನ ಶಿವನಂಜಮ್ಮ ಕ್ಯಾನು ಮುಂದಿಟ್ಟು, ಬಯ್ಯಲು ಬಾಯಿ ಸಿದ್ಧಮಾಡಿಕೊಂಡು ನಿಂತಳು. ದೇವರಾಜು ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದ. ಸಾಲೆಲ್ಲ ಕಾಯಿತು. ಅವನು ಬರೆದದ್ದು ತನ್ನ ಮಾತಿನಲ್ಲೇ, ಆದರೆ ಮೊಬೈಲು ಅದನ್ನು ತಿದ್ದಿ, ನಯವಾಗಿ, ಸ್ಟೇಷನ್ ಯಮ್ಮನ ದನಿಯಲ್ಲಿ ಹೇಳಿತು: "ಶಿವನಂಜಮ್ಮನವರೇ, ನಿಮ್ಮ ಹಸು ನೀರು ಕುಡಿದಿದೆಯೇ?"

ಯಾರೂ ನಗಲಿಲ್ಲ. "ಊ ಕಣಪ್ಪ, ಕುಡಿತು" ಎಂದಳು ಶಿವನಂಜಮ್ಮ. ಹಾಲು ಹಾಕಿ, ಕ್ಯಾನು ಎತ್ತಿಕೊಂಡು ಬೇಗ ಬೇಗ ಹೋದಳು. ದಾರಿಯಲ್ಲಿ ಇಂದ್ರಮ್ಮ ಸಿಕ್ಕಾಗ, "ನಾಲ್ಗೆ ಬಿದ್ದೋಗ ಅಂತ ದಿನಾ ಬಯ್ತಿದ್ನಲ್ಲವ್ವ ನಾನು" ಎಂದು ಅಳತೊಡಗಿದಳಂತೆ. ದೇವರಾಜು ಆಮೇಲೆ ಡೈರಿಗೆ ಮೊಬೈಲು ಒಯ್ಯಲಿಲ್ಲ.

"ಆ ಮಾತು ಆಡ್ದೆ ಇದ್ದುದ್ಕೇ ನಿಮ್ಮಪ್ಪ ಉಳ್ಕಂಡಿದ್ದು" ಎಂದು ಇಂದ್ರಮ್ಮ ಮಗಳಿಗೆ ಆಗಾಗ ಹೇಳುತ್ತಾಳೆ. ಒಂದು ಸಲ ದೇವರಾಜು ಅದನ್ನು ಕೇಳಿಸಿಕೊಂಡ. ಉಳಿದದ್ದು ಯಾವುದೆಂದು ಹುಡುಕುವವನಂತೆ ಹೆಂಡತಿಯನ್ನೇ ನೋಡಿದ.

ಕೊಟ್ಟ ಮಾತನ್ನು ಅವನು ಮರೆತಿರಲಿಲ್ಲ. ಬೇಸಿಗೆಯ ಒಂದು ಭಾನುವಾರ ಹುಚ್ಚೀರಯ್ಯ ಮೇಷ್ಟರು ಹಾರ್ಮೋನಿಯಂ ಪೆಟ್ಟಿಗೆಯನ್ನೂ ಬಣ್ಣದ ಡಬ್ಬಿಯನ್ನೂ ಆಟೋದಲ್ಲಿ ಇಟ್ಟುಕೊಂಡು ಬಂದಿಳಿದರು. ಅರ್ಪಿತಳಿಗಾಗಲಿ ಇಂದ್ರಮ್ಮನಿಗಾಗಲಿ ತಿಳಿಸದೆ ಅವನೇ ಮೆಸೇಜು ಕಳಿಸಿ ಕರೆಸಿದ್ದ. ಊರವರನ್ನು ಕರೆಯಲಿಲ್ಲ. ಮೇಷ್ಟರು ಅವನ ಮುಖಕ್ಕೆ ಬಣ್ಣ ಹಚ್ಚಿದರು, ಹುಬ್ಬು ತೀಡಿದರು, ಗಿರಿಜಾ ಮೀಸೆಯನ್ನೇ ಅಂಟಿಸಿದರು. ಕತ್ತಿಗೆ ಏನೂ ಬೇಕಾಗಲಿಲ್ಲ. ಆ ಬಿಳಿ ಬಟ್ಟೆ ಚಿತ್ರದ ದೊರೆಗಳದ್ದರಂತೆಯೇ ಇತ್ತು.

ದೇವರಾಜು ಜಗಲಿಯ ಮೇಲೆ ನಿಂತು ಮಗಳ ಮೊಬೈಲಿನ ಕಡೆ ಕೈ ತೋರಿಸಿದ. ಕೊನೆಯ ಪುಟ ಓದಿಸು, ಎಂದು.

"ಬ್ಯಾಡಪ್ಪ" ಎಂದಳು ಅರ್ಪಿತ.

ಅವನು ಕೈ ಇಳಿಸಲಿಲ್ಲ. ಅವಳು ಒತ್ತಿದಳು. ಮೇಷ್ಟರು ಶ್ರುತಿ ಹಿಡಿದರು. "ಕಾವಲುಗಾರನೇ, ದಯವಿಟ್ಟು ದ್ವಾರವನ್ನು ಮುಚ್ಚಬೇಡ" ಎಂದಿತು ಮೊಬೈಲು. ದೇವರಾಜುವಿನ ತುಟಿ ತೆರೆದವು. ಕೈ ಮೇಲೆದ್ದಿತು. ಅವನು 'ಕಾವಲುಗಾರ' ಎಂಬ ಒಂದೇ ಕೂಗನ್ನು ಎಳೆಯುತ್ತಿದ್ದ, ಊರ ಬಾಗಿಲಿನಿಂದ ಊರ ಕೊನೆಯವರೆಗೆ ಕೇಳುವ ಹಾಗೆ, ಬಾಯಿ ಅಗಲಿಸಿ. ಬಿಳಿ ಬಟ್ಟೆ ಕತ್ತಿನ ತೂತಿನ ಮೇಲೆ ಒಳಗೆ ಹೊರಗೆ ಆಡುತ್ತಿತ್ತು. ಅಷ್ಟರಲ್ಲಿ ಮೊಬೈಲು ಮಗ ರಸ್ತೆಯಲ್ಲಿದ್ದಾನೆ ಎಂದಿತು, ನಿಧಾನವಾಗಿ ನಡೆಯುವವನು ಎಂದಿತು, ಬಾಗಿಲನ್ನು ಕಂಡರೆ ನಂಬುವುದಿಲ್ಲ ಎಂದಿತು. ಮುಗಿಯಿತು.

ದೇವರಾಜು ಇನ್ನೂ ಮೊದಲ ಮಾತಿನಲ್ಲಿದ್ದ.

ಅರ್ಪಿತಳಿಗೆ ಮತ್ತೆ ಒತ್ತಲು ಕೈ ಬರಲಿಲ್ಲ. ಮೇಷ್ಟರು ಶ್ರುತಿ ಬಿಡದೆ, ತಲೆ ತಗ್ಗಿಸಿಕೊಂಡು ತಿದಿ ಒತ್ತುತ್ತಲೇ ಇದ್ದರು. ಇಂದ್ರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಣ್ಣದ ಮೇಲೆ ನೀರು ಹರಿದು ಗೆರೆ ಬಿದ್ದಿತ್ತು. ತುಟಿಗಳು ಆಡುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಆಡುತ್ತಿದ್ದವು. ಅವನು ಈಗ ಎಲ್ಲಿದ್ದಾನೆ, ರಸ್ತೆಯ ಮಾತಿನಲ್ಲೋ ಬಾಗಿಲ ಮಾತಿನಲ್ಲೋ, ಎಷ್ಟು ಉಳಿದಿದೆ, ನೋಡುತ್ತಿದ್ದವರಿಗೆ ತಿಳಿಯಲಿಲ್ಲ.